ಸೀತಾಫಲದ ಕಾಲದಲ್ಲಿ ಗುಡ್ಡ ಹತ್ತಿದ್ದು

ಮೊನ್ನೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರೋ ಒಂದು ಚೀಲ ಸೀತಾಫಲ ತಂದಿಟ್ಟಿದ್ದರು. ಬಾಗಿಲಲ್ಲಿ ಕಾಲಿಡುವಾಗಲೇ ವಾಸನೆ ಬಡಿಯಿತು. ಮಾಗಿ ತಾನಾಗಿ ಒಡೆದ ಹಣ್ಣಿನದು, ಸ್ವಲ್ಪ ಹುಳಿತ ಬೆಲ್ಲದ ಹಾಗಿನದು. ಸೀಮೆಸುಣ್ಣದ ಡಬ್ಬಿಯನ್ನು ಮೇಜಿನ ಮೇಲಿಟ್ಟು ನಾನು ಮತ್ತೆ ಹೊರಗೆ ಬಂದೆ. ಗಣಿತದ ಮೇಷ್ಟ್ರು ನನ್ನ ಹಿಂದೆಯೇ ಬಂದು ಒಂದು ಹಣ್ಣು ಮುಂದೆ ಹಿಡಿದರು.

"ತಗೋರಿ ಮೇಡಮ್, ಗುಡ್ಡದ ಹಣ್ಣು, ಭಾಳ ಸಿಹಿ ಐತಿ."

"ನೆಗಡಿ ಆಗೇತ್ರಿ ಸರ್," ಅಂದೆ.

ಪ್ರತಿವರ್ಷ ಮಳೆಗಾಲದ ಕೊನೆಗೆ ನನಗೆ ಈ ನೆಗಡಿ ಬರುತ್ತದೆ. ಹೊಸಪೇಟೆಯ ಬಸ್ ಸ್ಟ್ಯಾಂಡಿನ ಮುಂದೆ ಹೆಂಗಸರು ಬುಟ್ಟಿ ಬುಟ್ಟಿ ಸೀತಾಫಲ ಹರಡಿಕೊಂಡು ಕೂತರೆ ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೇನೆ. ಯಾಕೆಂದು ಗೊತ್ತಿರುವುದು ನನ್ನ ಗಂಡನಿಗೆ ಮಾತ್ರ.

ಆ ವರ್ಷ ನಾನು ಬಿ.ಎಡ್. ಮುಗಿಸಿ ಸರ್ಕಾರಿ ನೇಮಕಾತಿಯ ದಾರಿ ಕಾಯುತ್ತಾ ಹೊಸಪೇಟೆಯ ಮನೆಯಲ್ಲಿದ್ದೆ. ಅಪ್ಪ ಬೆಳಿಗ್ಗೆ ಕಂಪ್ಲಿಯ ಅಕ್ಕಿ ಗಿರಣಿಗೆ ಹೋದರೆ ಬರುತ್ತಿದ್ದುದು ದೀಪ ಹಚ್ಚಿದ ಮೇಲೆ. ಅವ್ವ ನನಗೆ ಗಂಡು ನೋಡುವ ಮಾತು ಶುರು ಮಾಡಿದ್ದಳು. ಮನೆಯಿಂದ ಹೊರಗಿರಲು ನನಗೊಂದು ನೆಪ ಬೇಕಿತ್ತು. ಊರಿನ ಸಣ್ಣ ಸಂಸ್ಥೆಯೊಂದು ಪರದೇಶದಿಂದ ಸ್ವಯಂಸೇವಕರನ್ನು ಕರೆಸಿ ಹಳ್ಳಿ ಶಾಲೆಗಳಲ್ಲಿ ಕೆಲಸ ಮಾಡಿಸುತ್ತಿತ್ತು. ಅವರ ಇಂಗ್ಲಿಷನ್ನು ಹಳ್ಳಿಯವರಿಗೆ, ಹಳ್ಳಿಯವರ ಕನ್ನಡವನ್ನು ಅವರಿಗೆ ದಾಟಿಸುವವರು ಬೇಕಾಗಿದ್ದರು. ಹೋಗಿ ಸೇರಿಕೊಂಡೆ.

ಆ ಸಲ ಬಂದವರು ಮೂವರು. ಇಬ್ಬರು ಕೊರಿಯಾದ ಗೆಳೆಯರು, ಬಡಗಿ ಕೆಲಸ ಬಲ್ಲವರು, ಮಾತು ಕಡಿಮೆ; ಶಾಲೆಯ ಮುರಿದ ಬೆಂಚುಗಳನ್ನು ಒಂದೊಂದಾಗಿ ಅಂಗಳಕ್ಕೆ ತಂದು ರಿಪೇರಿ ಮಾಡುತ್ತಿದ್ದರು. ಮೂರನೆಯವಳು ಮಾರ್ತಾ. ಪೋಲೆಂಡಿನವಳು, ಐವತ್ತರ ಆಸುಪಾಸು, ತನ್ನ ಊರಿನ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದವಳು. ಇಲ್ಲಿಯೂ ಅದೇ ಮಾಡಿದಳು. ಕಬಡ್ಡಿ ನೋಡುತ್ತಾ ಗೋಡೆಗೆ ಒರಗಿ ನಿಲ್ಲುತ್ತಿದ್ದ ಹೆಣ್ಣುಮಕ್ಕಳನ್ನು ಮೈದಾನಕ್ಕೆ ಎಳೆದು ಓಡಿಸಿದಳು. ಬಿಸಿಯೂಟದ ಅನ್ನ ಸಾರನ್ನು ಮಕ್ಕಳ ಸಾಲಿನಲ್ಲೇ ಕೂತು ಕೈಯಿಂದ ಉಣ್ಣುತ್ತಿದ್ದಳು, ಮೂಗಿನಲ್ಲಿ ನೀರು ಸುರಿದರೂ ಬಿಡುತ್ತಿರಲಿಲ್ಲ.

ನಮ್ಮನ್ನು ದಿನಾ ಹೊಸಪೇಟೆಯಿಂದ ಕಂಪ್ಲಿ ಕಡೆಯ ಆ ಶಾಲೆಯ ಊರಿಗೆ ಒಯ್ಯುತ್ತಿದ್ದುದು ಎರ್ರಿಸ್ವಾಮಿ ಅಣ್ಣನ ಟಂಟಂ. ಮೂರು ಗಾಲಿಯ ಆ ಗಾಡಿಯಲ್ಲಿ ಎದುರು ಬದುರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಆತ ಅದೇ ಊರಿನವನು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲವು ವರ್ಷ ಕಾಂಟ್ರ್ಯಾಕ್ಟ್ ಕೆಲಸ ಮಾಡಿ, ಪಾಳಿಯ ನಿದ್ದೆಗೆಟ್ಟ ಬಾಳು ಬೇಸರವಾಗಿ, ಬಿಟ್ಟು ಬಂದು ಈ ಗಾಡಿ ಹಿಡಿದಿದ್ದ. ಗಾಡಿಯ ಹಿಂದೆ 'ಹುಲಿಗೆಮ್ಮ ಕೃಪೆ' ಎಂದು ಬರೆಸಿದ್ದ. ಅವನ ಹೆಂಡತಿಯ ಹೆಸರೂ ಹುಲಿಗೆಮ್ಮ. "ದೇವೀ ಕೃಪೆನೋ, ಹೆಂಡ್ತಿ ಕೃಪೆನೋ?" ಎಂದು ನಾನು ಚೇಷ್ಟೆ ಮಾಡಿದರೆ, "ಇಬ್ಬರ್ದೂ ಬೇಕು ತಂಗಿ. ಒಬ್ರು ಮುನಿಸಿಕೊಂಡ್ರೂ ಗಾಡಿ ಓಡಂಗಿಲ್ಲ," ಅನ್ನುತ್ತಿದ್ದ. ಮೊದಲ ದಿನದಿಂದಲೇ ನಾನು ಅವನಿಗೆ ತಂಗಿ.

ಶಾಲೆಯ ಹಿಂದೆಯೇ ಒಂದು ಗುಡ್ಡ. ಆನೆಗಳನ್ನು ಒಂದರ ಮೇಲೊಂದು ಮಲಗಿಸಿದ ಹಾಗೆ ಬರೀ ಬಂಡೆ. ಬೇಸಿಗೆಯಲ್ಲಿ ಕಾದ ಹಂಚಿನ ಹಾಗೆ ಇರುತ್ತಿದ್ದುದು ಆ ವರ್ಷದ ಒಳ್ಳೆಯ ಮಳೆಗೆ ಸಂದುಸಂದಿನಲ್ಲೂ ಹಸಿರು ತುಂಬಿಕೊಂಡಿತ್ತು. ಮಾರ್ತಾ ದಿನಾ ಅದನ್ನು ನೋಡುತ್ತಿದ್ದಳು. ತನ್ನೂರಿನಲ್ಲಿ ಭಾನುವಾರ ಬಂತೆಂದರೆ ಮುದುಕರು ಮಕ್ಕಳು ಎಲ್ಲ ಬುತ್ತಿ ಕಟ್ಟಿಕೊಂಡು ಬೆಟ್ಟಕ್ಕೆ ಹೋಗುತ್ತಾರೆ ಅಂದಳು. ಇಲ್ಲಿಯವರು ಬಾಗಿಲಲ್ಲೇ ಗುಡ್ಡ ಇಟ್ಟುಕೊಂಡು ಯಾಕೆ ಹತ್ತುವುದಿಲ್ಲ? ಮೇಲೆ ಏನಿದೆ ಕೇಳು ಅಂದಳು. ನಾನು ಕೇಳಿದೆ.

"ಏನೈತಿ? ಕಲ್ಲೈತಿ. ಒಬ್ಬ ಬಸವಣ್ಣ ಅದಾನ," ಅಂದ ಎರ್ರಿಸ್ವಾಮಿ ಅಣ್ಣ. "ಈಗ ಸೀತಾಫಲದ ಕಾಲ. ಹಣ್ಣಿಗೆ ಕರಡಿ ಬರ್ತಾವ. ಬ್ಯಾಡ ಅಂತ ಹೇಳು."

ಹೇಳಿದೆ. ಮಾರ್ತಾ ತನ್ನ ಕಡೆಯ ಬೆಟ್ಟಗಳಲ್ಲೂ ಕರಡಿ ಇರುತ್ತವೆ, ಗದ್ದಲ ಮಾಡುತ್ತಾ ಗುಂಪಾಗಿ ಹೋದರೆ ಅವೇ ದೂರ ಹೋಗುತ್ತವೆ ಅಂದಳು. ಅದನ್ನು ಅವನಿಗೆ ಹೇಳಿದೆ. ಅವನೂ ಒಪ್ಪಿದ. "ಹೌದು, ಖರೆ. ಹಗಲೊತ್ತಿನ್ಯಾಗ ಗುಂಪು ಕಂಡ್ರ ಅವು ಹಾಯಂಗಿಲ್ಲ." ಹೀಗೆ ಎರಡೂ ಕಡೆಯ ಮಾತು ನನ್ನ ಬಾಯಿಯಿಂದಲೇ ಹೋಗಿ ಬಂದು ಭಾನುವಾರ ಹತ್ತುವುದೆಂದು ನಿಗದಿಯಾಯಿತು. ಆದರೆ ಆ ಭಾನುವಾರ ಆತ ಹೆಂಡತಿಯನ್ನು ಗಂಗಾವತಿ ಕಡೆಯ ಅವಳ ತವರಿಗೆ ಕರೆದೊಯ್ಯುವವನಿದ್ದ. "ಅಣ್ಣ, ನೀನಿದ್ರ ನಮಗ ಧೈರ್ಯ. ತವರು ಮುಂದಿನ ವಾರನೂ ಅಲ್ಲೇ ಇರ್ತೈತಿ," ಅಂದೆ ನಾನು. ಆತ ತಲೆ ಕೆರೆದುಕೊಂಡು ನಕ್ಕ. "ಆಕಿ ಬೈತಾಳ. ಬೈಲಿ ಬಿಡು."

ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಹೊರಟೆವು. ಗಾಡಿಯನ್ನು ಗುಡ್ಡದ ಬುಡದ ಬೇವಿನ ಮರದ ಕೆಳಗೆ ನಿಲ್ಲಿಸಿ, ಅವ್ವ ಕಟ್ಟಿಕೊಟ್ಟ ಚಿತ್ರಾನ್ನ, ಶೇಂಗಾ ಚಟ್ನಿಪುಡಿ ಸವರಿದ ರೊಟ್ಟಿ ಹೊತ್ತು ಹತ್ತತೊಡಗಿದೆವು. ಹುಲ್ಲು ಸೊಂಟದವರೆಗೆ ಬೆಳೆದಿತ್ತು, ಹಾಯುವಾಗ ಬಟ್ಟೆಯೆಲ್ಲ ಒದ್ದೆ. ಎರ್ರಿಸ್ವಾಮಿ ಅಣ್ಣ ಮುಂದೆ. ಕೋಲಿನಿಂದ ಬಂಡೆಗೆ ಬಡಿಯುತ್ತಾ ಕೂ ಹಾಕುತ್ತಿದ್ದ, ಹಿಂದಿನಿಂದ ಕೊರಿಯಾದವರೂ ಕೂ ಹಾಕುತ್ತಿದ್ದರು. ಕೊನೆಯ ಬಂಡೆ ಕಡಿದಾಗಿತ್ತು. ಆತ ಮೇಲೆ ಹತ್ತಿ ಟವೆಲ್ ಇಳಿಬಿಟ್ಟು ನಮ್ಮನ್ನು ಒಬ್ಬೊಬ್ಬರಾಗಿ ಎಳೆದುಕೊಂಡ.

ಮೇಲೆ ನಿಂತು ಸುತ್ತ ತಿರುಗಿ ನೋಡಿದೆವು. ಹುಟ್ಟಿದಾರಭ್ಯ ಈ ಸೀಮೆಯಲ್ಲೇ ಇದ್ದ ನಾನು ಇದನ್ನು ನೋಡಿಯೇ ಇರಲಿಲ್ಲ. ತುಂಗಭದ್ರೆ ಬಂಡೆಗಳ ನಡುವೆ ಹರಿದು ಕಂಪ್ಲಿಯ ಕಡೆ ಹೋಗುತ್ತಿದ್ದಳು. ಎರಡೂ ದಡಕ್ಕೆ ಭತ್ತದ ಎಳೆ ಹಸಿರು, ಬಾಳೆಯ ಕಡು ಹಸಿರು. ಒಂದು ದಿಕ್ಕಿಗೆ ಹಂಪಿಯ ಕಲ್ಲುಗುಡ್ಡಗಳು, ಇನ್ನೊಂದು ದಿಕ್ಕಿಗೆ ಮೋಡ ಹೊದ್ದ ಸಂಡೂರಿನ ಸಾಲು, ಅದರ ಪಕ್ಕದಲ್ಲಿ ತೋರಣಗಲ್ಲಿನ ಹೊಗೆ. ಎಲ್ಲರಿಗಿಂತ ಹೆಚ್ಚು ಕುಣಿದವನು ಎರ್ರಿಸ್ವಾಮಿ ಅಣ್ಣ. ಸಣ್ಣವನಿದ್ದಾಗ ಆಡು ಕಾಯಲು ಬಂದವನು ಮತ್ತೆ ಇತ್ತ ಬಂದೇ ಇರಲಿಲ್ಲವಂತೆ. ಕೆಳಗೆ ತನ್ನ ಮನೆಯ ತಗಡಿನ ಸೂರು ಗುರುತಿಸಿ ಹೆಂಡತಿಗೆ ಫೋನ್ ಹಚ್ಚಿದ.

"ಲೇ ಹುಲಿಗಿ, ಹೊರಗ ಬಾ. ಮ್ಯಾಲೆ ನೋಡು. ಟವೆಲ್ ಬೀಸಾಕತ್ತೀನಿ, ಕಾಣ್ತತೇನು?"

ಅಂಗಳಕ್ಕೆ ಬಂದ ಆಕೆ ನಮಗೆ ಒಂದು ಕೆಂಪು ಚುಕ್ಕಿಯಾಗಿ ಕಂಡಳು. ಆತ ಟವೆಲ್ ಬೀಸಿದ. ಮಾರ್ತಾ ಎರಡೂ ಕೈ ಎತ್ತಿ ಬೀಸಿದಳು. ಚುಕ್ಕಿ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋಯಿತು.

ಉಂಡು, ಬಸವಣ್ಣನಿಗೆ ಕೈ ಮುಗಿದು ಇಳಿಯುವಾಗ ಬಿಸಿಲು ಏರಿತ್ತು. ಹೊಟ್ಟೆ ತುಂಬಿತ್ತು, ಕಾಲು ಸೋತಿದ್ದವು. ಕೂ ಹಾಕುವುದು ನಿಂತಿತ್ತು, ಅದು ಯಾರ ಗಮನಕ್ಕೂ ಬರಲಿಲ್ಲ. ಮಾರ್ತಾ ಮುಂದೆ, ಕೊರಿಯಾದವರು, ಅವರ ಹಿಂದೆ ಎರ್ರಿಸ್ವಾಮಿ ಅಣ್ಣ, ಕೊನೆಗೆ ನಾನು. ಎರಡು ಬಂಡೆಗಳ ನಡುವೆ ಸೀತಾಫಲದ ಪೊದೆಗಳಿದ್ದವು. ಹಣ್ಣು ಮಾಗಿ ಕೆಳಗೆ ಉದುರಿ ಒಡೆದು ಬಿದ್ದಿದ್ದವು, ಜಾಗವೆಲ್ಲ ಅದರದೇ ವಾಸನೆ. ಒಂದು ಒಳ್ಳೆಯ ಹಣ್ಣು ಕೈಗೆಟುಕುವ ಹಾಗಿತ್ತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಕೈ ಚಾಚಿದೆ.

ಕಮ್ಮಾರ ತಿದಿ ಒತ್ತಿದಂಥ ಸದ್ದು ಕೇಳಿತು. ಬಂಡೆಯ ಹಿಂದಿನಿಂದ ಕಪ್ಪು ಕೂದಲ ರಾಶಿಯೊಂದು ಎದ್ದು ನಿಂತಿತು. ಅದರ ಬೆನ್ನಿಗೆ ಮರಿಯೊಂದು ಅಂಟಿಕೊಂಡಿತ್ತು. ಅಷ್ಟು ಹತ್ತಿರದಿಂದ ನಾನು ನೋಡಿದ್ದು ಬಿಳಿಯ ಮೂತಿ ಮತ್ತು ಉಗುರು. ಹಿಂದೆ ಸರಿಯಲು ಹೋಗಿ ಅಂಗಾತ ಬಿದ್ದೆ. ಕೂಗಿದೆನೋ ಇಲ್ಲವೋ ನೆನಪಿಲ್ಲ.

"ತಂಗೀ, ಬೋರಲು ಬೀಳು! ಮುಖ ಮುಚ್ಚಿಕೋ!"

ಅದು ಎರ್ರಿಸ್ವಾಮಿ ಅಣ್ಣನ ದನಿ. ಆತ ಹಿಂದಿರುಗಿ ಓಡಿ ಬಂದಿದ್ದ. ಕೋಲಿನಿಂದ ಬಂಡೆಗೆ ಬಡಿಯುತ್ತಾ, ಬೈಯುತ್ತಾ ನನಗೂ ಅದಕ್ಕೂ ನಡುವೆ ನಿಂತ. ನಾನು ಮಗ್ಗುಲಾಗಿ ಹುಲ್ಲಿಗೆ ಮುಖ ಒತ್ತಿದೆ. ಆಮೇಲಿನದು ನಾನು ಕೇಳಿದ್ದು ಮಾತ್ರ, ನೋಡಿದ್ದಲ್ಲ. ಅದು ಸ್ವಲ್ಪವೇ ಹೊತ್ತು. ಮಾರ್ತಾ ಕಿರುಚುತ್ತಾ ಕಲ್ಲು, ನೀರಿನ ಬಾಟಲಿ, ಬುತ್ತಿಯ ಡಬ್ಬಿ ಸಿಕ್ಕಿದ್ದೆಲ್ಲ ಎಸೆಯುತ್ತಾ ಬಂದಾಗ ಕರಡಿ ಬಿಟ್ಟು ಹೋಯಿತು. ತಲೆ ಎತ್ತಿ ನೋಡಿದರೆ ಎರ್ರಿಸ್ವಾಮಿ ಅಣ್ಣ ಕೂತಿದ್ದ, ಎರಡೂ ಅಂಗೈಯಿಂದ ಮುಖ ಹಿಡಿದುಕೊಂಡಿದ್ದ. ಬೆರಳ ಸಂದಿಯಿಂದ ರಕ್ತ. ನನ್ನ ಮೈಮೇಲೆ ಒಂದು ಗೀರೂ ಇರಲಿಲ್ಲ.

ಮಾರ್ತಾ ನನ್ನ ದುಪಟ್ಟಾ ಕಿತ್ತುಕೊಂಡು ಅವನ ಮುಖಕ್ಕೆ ಒತ್ತಿ ಕಟ್ಟಿದಳು. ಕೊರಿಯಾದವರು ಸರದಿಯ ಮೇಲೆ ಅವನನ್ನು ಬೆನ್ನಿಗೆ ಹಾಕಿಕೊಂಡು ಇಳಿದರು. ನಮ್ಮ ಕೂಗು ಕೇಳಿ ಊರಿನವರು ಎದುರಿಗೆ ಓಡಿ ಬಂದರು, ಹುಲಿಗೆಮ್ಮನೂ ಬಂದಳು. ಬುಡಕ್ಕೆ ಬಂದರೆ ಬೇವಿನ ಮರದ ಕೆಳಗೆ ಗಾಡಿ ನಿಂತಿದೆ, ಕೀಲಿಕೈ ಅವನ ಜೇಬಿನಲ್ಲಿದೆ, ಆದರೆ ಓಡಿಸುವವರು ಯಾರೂ ಇಲ್ಲ. ಬಲ್ಲ ಗಂಡಸರೆಲ್ಲ ಕಂಪ್ಲಿ ಸಂತೆಗೋ, ಕೆಲಸಕ್ಕೋ ಹೋಗಿದ್ದರು. ಹುಲಿಗೆಮ್ಮ ಗಾಡಿಯಲ್ಲಿ ಕೂತು ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದಳು. ಯಾರೋ ಹೊಲಕ್ಕೆ ಓಡಿ ಟ್ರ್ಯಾಕ್ಟರ್ ಓಡಿಸುವವನೊಬ್ಬನನ್ನು ಕರೆತರುವವರೆಗೆ ನಾವು ಹಾಗೆಯೇ ನಿಂತಿದ್ದೆವು. ಅಷ್ಟು ಹೊತ್ತೂ ಅವಳು ಅಳಲಿಲ್ಲ. ನನ್ನನ್ನು ಒಮ್ಮೆ ಮೇಲಿನಿಂದ ಕೆಳಗಿನವರೆಗೆ ನೋಡಿದಳು.

ಹೊಸಪೇಟೆಯಲ್ಲಿ ರಕ್ತ ನಿಲ್ಲಿಸಿ ಬಳ್ಳಾರಿಗೆ ಕಳಿಸಿದರು. ಎಡಗಣ್ಣು ಉಳಿಯಲಿಲ್ಲ. ಮೂಗು, ಕೆನ್ನೆ, ತುಟಿ ಹೊಲಿದರು.

ಮನೆಯಲ್ಲಿ ಅವ್ವ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ ನೋಡಿ ಅತ್ತಳು. ಸೋಮವಾರವೇ ಹಂಪಿಗೆ ಹೋಗಿ ವಿರೂಪಾಕ್ಷನಿಗೆ ನನ್ನ ಹೆಸರಲ್ಲಿ ರುದ್ರಾಭಿಷೇಕ ಮಾಡಿಸಿದಳು. ಪ್ರಸಾದವನ್ನು ಸ್ಟೀಲ್ ಡಬ್ಬಿಗೆ ತುಂಬಿ, "ಆಸ್ಪತ್ರಿಗೆ ಒಯ್ದು ಕೊಡು, ಆತಗೂ ಒಳ್ಳೇದಾಗ್ಲಿ," ಅಂದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನೂ ಏನೂ ಯೋಚಿಸದೆ ಒಯ್ದೆ.

ವಾರ್ಡಿನ ಹೊರಗೆ ಹುಲಿಗೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು ನೋಡಿದಳು.

"ಏನ್ರಿ ಇದು?"

"ವಿರೂಪಾಕ್ಷನ ಪ್ರಸಾದ. ಅವ್ವ ಪೂಜೆ ಮಾಡಿಸಿದ್ಲು."

"ಯಾರ ಹೆಸರಾಗ?"

ನಾನು ದುಪಟ್ಟಾವನ್ನು ಕೆನ್ನೆಯವರೆಗೆ ಎಳೆದುಕೊಂಡೆ. ಅವಳಿಗೆ ತಿಳಿಯಿತು. ಮುಚ್ಚಳವನ್ನು ನಿಧಾನವಾಗಿ ಒತ್ತಿ ಹಾಕಿ ಡಬ್ಬಿಯನ್ನು ನನ್ನ ಕೈಗೇ ಇಟ್ಟಳು.

"ನಿಮ್ಮ ಮುಖ ಉಳೀತಂತ ಮಾಡಿಸಿದ ಸಿಹಿ ಇದು. ನಿಮ್ಮ ಮನ್ಯಾಗ ತಿನ್ರಿ. ಇಲ್ಲಿ ತರಬ್ಯಾಡ್ರಿ."

ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ತೋರಣಗಲ್ಲಿನಲ್ಲಿ ಪಾಳಿ ಮುಗಿಸಿದ ಕೆಲಸಗಾರರು ಹತ್ತಿಕೊಂಡು ಬಸ್ಸು ತುಂಬಿತು. ಪಕ್ಕದಲ್ಲಿ ಕೂತವನು ದಣಿದು ನನ್ನ ಭುಜದ ಕಡೆ ವಾಲಿ ನಿದ್ದೆ ಹೋಗಿದ್ದ. ಎಬ್ಬಿಸಲು ನನಗೆ ಧೈರ್ಯವಾಗಲಿಲ್ಲ. ಯಾರ ನಿದ್ದೆಯನ್ನು ಕೆಡಿಸುವ ಹಕ್ಕೂ ನನಗಿಲ್ಲ ಅನ್ನಿಸಿತ್ತು. ಮನೆಗೆ ಬಂದು ಕೈಕಾಲು ತೊಳೆಯುವಾಗ ಕನ್ನಡಿ ನೋಡಲಿಲ್ಲ. ಅದೊಂದು ಅಭ್ಯಾಸವಾಗಿ ಉಳಿಯಿತು. ತಿಂಗಳುಗಟ್ಟಲೆ ನಾನು ಬೈತಲೆಯನ್ನು ಕೈಯ ಅಂದಾಜಿನ ಮೇಲೆ ತೆಗೆಯುತ್ತಿದ್ದೆ.

ಊರಿನಲ್ಲಿ ಮಾತು ಬೇರೆಯೇ ಹಬ್ಬಿತ್ತು. ಬಿಳಿ ಹೆಂಗಸು ಬೂಟು ಹಾಕಿಕೊಂಡು ಬಸವಣ್ಣನ ಹತ್ತಿರ ಹೋದಳಂತೆ, ಅದಕ್ಕೆ ಹೀಗಾಯಿತಂತೆ. ಅವಳು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದನ್ನು ನಾನು ನೋಡಿದ್ದೆ. ಹೇಳಿದರೆ ಕೇಳುವವರು ಯಾರು? ಮಕ್ಕಳು ಮೈದಾನಕ್ಕೆ ಬರುವುದು ಕಡಿಮೆಯಾಯಿತು. ಮಾರ್ತಾ ಮೈದಾನದ ಅಂಚಿನಲ್ಲಿ ಚೆಂಡು ಹಿಡಿದು ಕೂತಿರುತ್ತಿದ್ದಳು. ಊಟದಲ್ಲಿ ತಟ್ಟೆ ಮುಂದಿಟ್ಟುಕೊಂಡು ಅನ್ನ ಕಲಸುತ್ತಿದ್ದಳು, ಉಣ್ಣುತ್ತಿರಲಿಲ್ಲ. ಪ್ರತಿ ರಜೆಗೂ ನನ್ನ ಜೊತೆ ಬಳ್ಳಾರಿಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು, ಒಳಗೆ ಹೋಗಲು ಹೆದರುತ್ತಿದ್ದಳು.

ದೀಪಾವಳಿಯ ಹೊತ್ತಿಗೆ ಎರ್ರಿಸ್ವಾಮಿ ಅಣ್ಣ ಮನೆಗೆ ಬಂದ. ಮಾರ್ತಾ ತನ್ನ ದೇಶಕ್ಕೆ ಹೊರಡುವ ದಿನವೂ ಹತ್ತಿರವಾಗಿತ್ತು. ಅವನ ಮನೆಗೆ ಇಬ್ಬರೂ ಹೋದೆವು. ಆತ ಮಂಚದ ಮೇಲೆ ಕೂತಿದ್ದ. ಮುಖದ ಅರ್ಧಕ್ಕೆ ಪಟ್ಟಿ, ಉಳಿದರ್ಧದಲ್ಲಿ ಹೊಲಿಗೆ. ಮಾರ್ತಾ ನೆಲದ ಮೇಲೆ ಕೂತಳು, ಎಷ್ಟು ಹೇಳಿದರೂ ಕುರ್ಚಿಗೆ ಏರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಅವನಿಗೆ ತನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳು ಅಂದಳು.

ಆ ಪ್ರಶ್ನೆ ದಾಟಿಸಲು ನನಗೆ ಇಷ್ಟವಿರಲಿಲ್ಲ. ಆದರೂ ಕೇಳಿದೆ. ಇಲ್ಲ ಅನ್ನುತ್ತಾನೆ, ನಮ್ಮ ಕಡೆ ಹೀಗೆ ಕೇಳಿದಾಗ ಯಾರಾದರೂ ಇಲ್ಲವೆಂದೇ ಅನ್ನುತ್ತಾರೆ ಎಂದುಕೊಂಡಿದ್ದೆ. ಆತ ಒಂದು ಕಣ್ಣಿನಿಂದ ಅವಳನ್ನೇ ನೋಡಿದ.

"ಐತಿ ಅಂತ ಹೇಳು ತಂಗಿ. ಇಲ್ಲ ಅಂದ್ರ ಸುಳ್ಳಾಕ್ಕೈತಿ. ಒಂದೊಂದಿನ ಭಾಳ ಇರ್ತೈತಿ, ಒಂದೊಂದಿನ ಇರಂಗಿಲ್ಲ. ಆಕಿ ಕಲ್ಲು ಒಗೀಲಿಲ್ಲ ಅಂದಿದ್ರ ನಾ ಸತ್ತೇ ಹೋಗ್ತಿದ್ದೆ, ಅದೂ ಗೊತ್ತೈತಿ. ಎರಡೂ ಹೇಳು."

ಎರಡನ್ನೂ ಹೇಳಿದೆ, ಒಂದಕ್ಷರ ಬಿಡದೆ. ಮಾರ್ತಾ ತಲೆಯಾಡಿಸಿದಳು. ಅತ್ತಳು, ಆದರೆ ಅದು ಇಷ್ಟು ದಿನ ಅತ್ತ ಹಾಗೆ ಇರಲಿಲ್ಲ. ಹುಲಿಗೆಮ್ಮ ತಟ್ಟೆಯಲ್ಲಿ ಮಂಡಕ್ಕಿ ಒಗ್ಗರಣೆ ತಂದಿಟ್ಟಾಗ ಹಸಿದವಳ ಹಾಗೆ ತಿಂದಳು. ಹೊರಡುವಾಗ ಅವನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಅವಳು ಕೇಳಿದ್ದನ್ನು ನಾನೂ ಕೇಳಬಹುದಿತ್ತು. ನನಗೆ ಭಾಷೆಯ ಅಡ್ಡಿಯೂ ಇರಲಿಲ್ಲ. ಕೇಳಲಿಲ್ಲ.

ಮಾರ್ತಾ, ಕೊರಿಯಾದವರು ಹೋದ ಮೇಲೆ ಸಂಸ್ಥೆಯ ಕೆಲಸ ನಿಂತಿತು. ನಾನು ಮಾತ್ರ ವಾರಕ್ಕೊಮ್ಮೆ ಹಣ್ಣು, ಹಾರ್ಲಿಕ್ಸು ಹಿಡಿದು ಎರ್ರಿಸ್ವಾಮಿ ಅಣ್ಣನ ಮನೆಗೆ ಹೋಗುತ್ತಿದ್ದೆ. ಹೋದರೆ ಐದು ನಿಮಿಷಕ್ಕೆ ಕಣ್ಣು ತುಂಬುತ್ತಿತ್ತು. ಹುಲಿಗೆಮ್ಮ ಚಹಾ ಮಾಡಿ ತರುತ್ತಿದ್ದಳು, "ಸುಮ್ಕಿರ್ರಿ, ಹಣೇಬರಾ," ಅನ್ನುತ್ತಿದ್ದಳು. ಹೀಗೆ ಎಷ್ಟೋ ಸಲ. ಚಳಿ ಬಿದ್ದ ಒಂದು ಬೆಳಿಗ್ಗೆ ನಾನು ಹೋಗಿ ಕೂತು ಮೂಗು ಒರೆಸಿಕೊಳ್ಳುವಾಗ ಅವಳು ಚಹಾದ ಪಾತ್ರೆಯನ್ನು ಒಲೆಯಿಂದ ಧಡಾರನೆ ಇಳಿಸಿದಳು. ಅಲ್ಲಿಯವರೆಗೆ ಬರ್ರಿ, ಕುಂದ್ರಿ ಅನ್ನುತ್ತಿದ್ದವಳು ಅಂದು ಏಕವಚನಕ್ಕೆ ಇಳಿದಳು.

"ನೀ ಬರ್ತಿ, ಅಳ್ತಿ. ನಾ ಚಾ ಕಾಸಿ ನಿನ್ನ ಸಮಾಧಾನ ಮಾಡ್ತೀನಿ. ನನ್ನ ಯಾರು ಸಮಾಧಾನ ಮಾಡ್ಬೇಕು? ನಿನ್ನ ಅಳು ನೋಡಾಕ ನನಗ ಪುರಸೊತ್ತಿಲ್ಲ, ಸುಮಾ."

ಮಂಚದ ಮೇಲಿದ್ದ ಆತ, "ಲೇ, ಲೇ," ಅಂದ. ಅವಳು ಕೇಳಿಸಿಕೊಳ್ಳಲಿಲ್ಲ. ಗೂಟದಿಂದ ಗಾಡಿಯ ಕೀಲಿಕೈ ತೆಗೆದಳು.

"ಅವತ್ತು ಈ ಗಾಡಿ ಬೇವಿನ ಗಿಡದ ಕೆಳಗ ನಿಂತಿತ್ತು. ನನ್ನ ಗಂಡನ ತಲೀ ಹಿಡ್ಕೊಂಡು, ಓಡ್ಸೋರು ಯಾರರ ಬರ್ತಾರೇನಂತ ದಾರಿ ಕಾದೆ. ಇನ್ನ ಕಾಯಂಗಿಲ್ಲ. ನಾ ಕಲೀತೀನಿ. ಈತ ಹೇಳ್ಕೊಡ್ತಾನ. ಖಾಲಿ ಗಾಡಿ ಕುಣೀತೈತಿ, ಹಿಂದ ಭಾರ ಬೇಕು. ಬಂದು ಕುಂದ್ರು."

ಅಂದಿನಿಂದ ನನ್ನ ಕೆಲಸ ಅದು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಟಂಟಂನ ಹಿಂದಿನ ಸೀಟಿನಲ್ಲಿ ಕೂರುವುದು. ಮುಂದೆ ಹ್ಯಾಂಡಲ್ ಹಿಡಿದು ಹುಲಿಗೆಮ್ಮ, ಪಕ್ಕದಲ್ಲಿ ಒತ್ತಿಕೊಂಡು ಅವಳ ಗಂಡ. ಭತ್ತ ಕೊಯ್ದು ಬಯಲಾಗಿದ್ದ ಗದ್ದೆಗಳ ನಡುವೆ ಕಾಲುವೆ ಏರಿಯ ರಸ್ತೆ. ಮೊದಮೊದಲು ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು.

"ಕ್ಲಚ್ ಬಿಡಬ್ಯಾಡ, ಕ್ಲಚ್ ಬಿಡಬ್ಯಾಡ!"

"ಕೂಗಬ್ಯಾಡ, ನೀ ಕೂಗಿದ್ರ ಕೈ ತಪ್ತತಿ!"

"ಎಡಕ್ಕ, ಎಡಕ್ಕ ಅಂದೆ!"

"ನಿನ್ನ ಎಡನೋ ನನ್ನ ಎಡನೋ?"

ಒಂದು ದಿನ ಗಾಡಿ ರಸ್ತೆ ಬಿಟ್ಟು ಹುಲ್ಲಿನ ಬಣವೆಗೆ ಹೋಗಿ ಮೂತಿ ತೂರಿ ನಿಂತಿತು. ಮೂವರ ತಲೆಯ ಮೇಲೂ ಹುಲ್ಲು. ಎರ್ರಿಸ್ವಾಮಿ ಅಣ್ಣನಿಗೆ ನಗು ಬಂತು. ನಕ್ಕರೆ ಕೆನ್ನೆಯ ಹೊಲಿಗೆ ಎಳೆಯುತ್ತಿತ್ತು, ಅಂಗೈಯಿಂದ ಕೆನ್ನೆ ಒತ್ತಿ ಹಿಡಿದು, "ನಗಸಬ್ಯಾಡ್ರೇ, ನೋಯ್ತೈತಿ," ಅನ್ನುತ್ತಲೇ ನಗುತ್ತಿದ್ದ. ನಾನೂ ನಕ್ಕೆ. ನಕ್ಕ ಮರುಗಳಿಗೆ, ನನ್ನ ಕೆನ್ನೆ ನೋಯದೆ ಅಷ್ಟು ಸಲೀಸಾಗಿ ಅರಳಿತಲ್ಲ ಎಂದು ಅನ್ನಿಸಿ ಬಾಯಿ ಮುಚ್ಚಿಕೊಂಡೆ. ಅದನ್ನು ಹುಲಿಗೆಮ್ಮ ನೋಡಿದಳು.

ಗಾಡಿ ಹೊರಗೆ ಎಳೆಯಲು ಆತ ಎತ್ತು ತರಲು ಹೋದಾಗ ನಾವಿಬ್ಬರೇ ಏರಿಯ ಮೇಲೆ ಕೂತೆವು. ಅಲ್ಲಿಂದ ಗುಡ್ಡ ಕಾಣುತ್ತಿತ್ತು.

"ಅವತ್ತು ಫೋನ್ ಮಾಡಿದ್ನಲ್ಲ, ಮ್ಯಾಲೆ ನೋಡು ಅಂತ," ಅಂದಳು ಹುಲಿಗೆಮ್ಮ. "ಹೊರಗ ಬಂದು ನೋಡಿದೆ. ಟವೆಲ್ ಬೀಸಿದ್ದು ಕಾಣ್ತಿತ್ತು. ತವರಿಗೆ ಕರಕೊಂಡು ಹೋಗ್ಲಿಲ್ಲಂತ ಸಿಟ್ಟು ಬಂದಿತ್ತು ನನಗ. ಕೈ ಎತ್ಲಿಲ್ಲ. ಒಳಗ ಹೋಗಿ ರೊಟ್ಟಿ ಬಡೀಕೋಂತ ಕುಂತೆ." ಸ್ವಲ್ಪ ಹೊತ್ತು ಹುಲ್ಲು ಕಿತ್ತಳು. "ಎರಡು ಕಣ್ಣಿಲೆ ಆತ ನನ್ನ ನೋಡಿದ್ದು ಅದೇ ಕಡೀ ಸಲ. ನಾ ಕೈ ಎತ್ತಬಹುದಾಗಿತ್ತು."

ತವರು ಮುಂದಿನ ವಾರವೂ ಅಲ್ಲೇ ಇರುತ್ತದೆ ಎಂದು ಅವನನ್ನು ಒಪ್ಪಿಸಿದ್ದು ನಾನು. ಅದನ್ನು ಹೇಳಿದೆ. "ಗೊತ್ತೈತಿ. ಅವತ್ತೇ ಹೇಳಿದ್ದ," ಅಂದಳು. ಅವಳ ಸೆರಗಿಗೆ ಅಂಟಿದ್ದ ಹುಲ್ಲನ್ನು ಒಂದೊಂದೇ ತೆಗೆದೆ.

ಬೇಸಿಗೆಯ ಹೊತ್ತಿಗೆ ಹುಲಿಗೆಮ್ಮ ಕಂಪ್ಲಿ ರಸ್ತೆಯಲ್ಲಿ ಸವಾರಿ ಹೊಡೆಯತೊಡಗಿದಳು. ಮೊದಲು ಹೆಂಗಸರು ಮಾತ್ರ ಹತ್ತುತ್ತಿದ್ದರು, ಆಮೇಲೆ ಎಲ್ಲರೂ ಹತ್ತಿದರು. ಆತ ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತು, "ಕಂಪ್ಲಿ, ಕಂಪ್ಲಿ, ಕಂಪ್ಲಿ," ಎಂದು ಕೂಗಿ ಜನ ಹತ್ತಿಸುತ್ತಿದ್ದ. ಅದೇ ಬೇಸಿಗೆಯಲ್ಲಿ ನನ್ನ ನೇಮಕಾತಿಯ ಆದೇಶ ಬಂತು, ಸಂಡೂರ ಹತ್ತಿರ ಯಶವಂತನಗರಕ್ಕೆ. ಗಂಡಿನವರೂ ಬಂದರು. "ಹುಡುಗಿ ಮುಖದಾಗ ಕಳೆ ಐತಿ," ಅಂದರು. ಅವ್ವ ಹಿಗ್ಗಿದಳು. ನಾನು ಎದ್ದು ಒಳಗೆ ಹೋದೆ; ನಾಚಿಕೆ ಎಂದುಕೊಂಡು ಎಲ್ಲರೂ ನಕ್ಕರು. ಮದುವೆಗೆ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಫೋಟೊ ತೆಗೆಸಲು ಎಷ್ಟು ಕರೆಸಿದರೂ ಎರ್ರಿಸ್ವಾಮಿ ಅಣ್ಣ ವೇದಿಕೆಯ ಮೇಲೆ ಬರಲಿಲ್ಲ. ಊಟದ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದು ಬಡಿಸುತ್ತಾ ಉಳಿದುಬಿಟ್ಟ.

ಇಷ್ಟು ವರ್ಷ ಸಂಡೂರು ಕಡೆಯಲ್ಲೇ ಇದ್ದೆ. ಅವರಿಬ್ಬರಿಗೆ ಹಬ್ಬಕ್ಕೊಮ್ಮೆ ಫೋನು, ಯಾವಾಗಲಾದರೊಮ್ಮೆ ಭೇಟಿ. ಮಾರ್ತಾ ಪ್ರತಿ ಸಂಕ್ರಾಂತಿಗೆ ನನ್ನ ಫೋನಿಗೆ ಕರೆ ಮಾಡಿ ಎರ್ರಿಸ್ವಾಮಿ ಅಣ್ಣನನ್ನು ವಿಚಾರಿಸುತ್ತಾಳೆ, ತನ್ನ ಮೊಣಕಾಲು ಹಿಡಿದುಕೊಂಡು ಈಗ ಬೆಟ್ಟ ಹತ್ತುವುದು ನಿಂತಿದೆಯಂತೆ. ಈ ವರ್ಷ ನನಗೆ ಕಂಪ್ಲಿ ದಾರಿಯ ಶಾಲೆಗೆ ವರ್ಗವಾಯಿತು. ಈಗ ದಿನಾ ಹುಲಿಗೆಮ್ಮನ ಗಾಡಿಯಲ್ಲೇ ಓಡಾಟ.

ಮೊನ್ನೆ ಸಂಜೆ ಸ್ಟಾಫ್ ರೂಮಿನ ಆ ವಾಸನೆಯನ್ನು ತಲೆಯಲ್ಲಿ ಹೊತ್ತುಕೊಂಡೇ ಗಾಡಿ ಹತ್ತಿದೆ. ಜನ ದಾರಿಯಲ್ಲಿ ಇಳಿದು ಹೋಗಿ ನಾವು ಮೂವರೇ ಉಳಿದೆವು. ಎರ್ರಿಸ್ವಾಮಿ ಅಣ್ಣ ಹಿಂದೆ ಬಂದು ನನ್ನ ಎದುರು ಕೂತಿದ್ದ. ಕನ್ನಡಕ ತೆಗೆದು ಒರೆಸುತ್ತಿದ್ದ. ಕೇಳಬೇಕೆಂದು ನಾನು ಯೋಚಿಸಿರಲಿಲ್ಲ. ಮಾತು ತಾನಾಗಿ ಹೊರಗೆ ಬಂತು.

"ಅಣ್ಣ, ನನ್ನ ಮ್ಯಾಲೆ ಸಿಟ್ಟಿತ್ತೇನು?"

ಆತ ಒರೆಸುವುದನ್ನು ನಿಲ್ಲಿಸಿದ.

"ಇತ್ತು. ಭಾಳ ಇತ್ತು ತಂಗಿ. ಹಿಂದಕ್ಕ ಓಡಿ ಬಂದಿದ್ದು ನಾನೇ, ಯಾರೂ ಕರದಿರ್ಲಿಲ್ಲ. ಆದ್ರೂ ಇತ್ತು. ನಿನ್ನ ಮದುವ್ಯಾಗ ಎಲ್ಲಾರೂ ನಿನ್ನ ಮುಖ ನೋಡಿ ಚೆಂದ ಚೆಂದ ಅಂತಿದ್ರಲ್ಲ, ಅವತ್ತು ಬಕೀಟು ಒಗದು ಎದ್ದು ಹೋಗೂಣನ್ನಸಿತ್ತು."

"ಈಗ?"

"ಈಗೂ ಒಮ್ಮೊಮ್ಮೆ. ಚಳಿಗಾಲಕ್ಕ ಇದು ಸೆಳೀತೈತಿ ನೋಡು," ಎಂದು ಕಣ್ಣಿದ್ದ ಜಾಗವನ್ನು ತೋರಿಸಿದ. "ಆವಾಗ ನಿನ್ನ ನೆನಪಾಗ್ತೈತಿ. ಬೈತೀನಿ. ಸೆಳೆತ ಕಮ್ಮಿ ಆದ್ರ ಬಿಡ್ತೀನಿ."

ಮುಂದಿನಿಂದ ಹುಲಿಗೆಮ್ಮ ತಿರುಗಿ ನೋಡದೆ ಹೇಳಿದಳು: "ನಾನೂ ಬೈತೀನಿ. ಇಳಿ, ನಿನ್ನ ಸ್ಟಾಪ್ ಬಂತು."

ಇಳಿದೆ. ಗಾಡಿ ಹೋಯಿತು. ರಸ್ತೆಯ ಬದಿಯಲ್ಲಿ ನಿಂತೇ ಇದ್ದೆ. ಇಲ್ಲ ತಂಗಿ, ಎಲ್ಲ ಮರೆತೆ ಎಂದಿದ್ದರೆ ಆ ಮಾತನ್ನು ಜೀವಮಾನವಿಡೀ ನಂಬುತ್ತಿರಲಿಲ್ಲ, ಇದಂತೂ ಗೊತ್ತು. ಹಗುರವಾಯಿತೆಂದು ಹೇಳಲಾರೆ. ಆ ರಾತ್ರಿ ಗಂಡನಿಗೂ ಏನೂ ಹೇಳದೆ ಮಲಗಿದೆ. ನಾಳೆಯಿಂದ ಬಸ್ಸಿಗೇ ಹೋಗಬೇಕು, ಯಾವ ಮುಖ ಹೊತ್ತು ಅವರೆದುರು ಕೂರುವುದು ಎಂದುಕೊಂಡೆ.

ಬೆಳಿಗ್ಗೆ ಬಸ್ಸು ಹಿಡಿಯಲು ರಸ್ತೆಗೆ ಬಂದೆ. ಬಸ್ಸಿಗಿಂತ ಮುಂಚೆ ಅವರ ಗಾಡಿ ಬಂತು. ಒಳಗೆ ಕಾಲಿಡಲು ಜಾಗವಿರಲಿಲ್ಲ, ಭತ್ತದ ಕೆಲಸಕ್ಕೆ ಹೊರಟ ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ನೀವು ಹೋಗ್ರಿ ಎಂದು ಕೈಸನ್ನೆ ಮಾಡಿದೆ. ಗಾಡಿ ನಿಂತಿತು. ಎರ್ರಿಸ್ವಾಮಿ ಅಣ್ಣ ಹೊರಗೆ ತಲೆ ಹಾಕಿ ಒಳಗಿನವರನ್ನು ಗದರಿದ.

"ಸರೀರೇ, ಸರೀರಿ ಸ್ವಲ್ಪ. ನಮ್ಮ ಹುಡುಗಿ ಹತ್ಬೇಕು."